ಪರಪ್ರತ್ಯಯದ ಓದು

ಹಾಸನದ ನ್ಯಾಯವಾದಿಯೂ ಕಥೆಗಾರ್ತಿಯೂ ಆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಎಂಬ ಕಥಾಸಂಗ್ರಹಕ್ಕೆ ೨೦೨೫ನೆಯ ಇಸವಿಯ ಮೇ ೨೦ರಂದು ಲಂಡನ್ ಪಟ್ಟಣದಲ್ಲಿ ಅಂತರರಾಷ್ಟ್ರೀಯ ಬೂಕರ್ ಪಾರಿತೋಷಕವು ಘೋಷಿತವಾಯಿತು. ಕನ್ನಡದಿಂದ ಇಂಗ್ಲಿಷಿಗೆ ಹೋದ ಗ್ರಂಥಕ್ಕೆ ಆ ಮನ್ನಣೆ ಸಂದದ್ದು ಅದೇ ಮೊದಲು. ಸಣ್ಣ ಕಥೆಗಳ ಸಂಗ್ರಹವೊಂದಕ್ಕೆ ಸಂದದ್ದೂ ಅದೇ ಮೊದಲು. ೫೦,೦೦೦ ಪೌಂಡುಗಳ ಆ ಬಹುಮಾನವನ್ನು ಲೇಖಕಿಯೂ ಭಾಷಾಂತರಕಾರರಾದ ಕೊಡಗಿನ ದೀಪಾ ಭಾಸ್ತಿಯವರೂ ಸಮನಾಗಿ ಹಂಚಿಕೊಂಡರು. ಕನ್ನಡ ನಾಡು ಹಿಗ್ಗಿತು, ಹಿಗ್ಗಬೇಕಾದದ್ದೇ. ಯಲ್ಲಾಪುರದಿಂದ ಅರಬೈಲು ಘಟ್ಟದ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಇಡಗುಂದಿಯಂಥ ಊರಿನ ಜಗಲಿಗಳಲ್ಲಿಯೂ ನಾಲ್ಕು ದಿನ ಅದೇ ಮಾತು. ಆದರೆ ಆ ಹನ್ನೆರಡು ಕಥೆಗಳಲ್ಲಿ ಒಂದನ್ನಾದರೂ ಓದಿದವರು ಯಾರು ಎಂದು ಯಾವನಾದರೂ ಕೇಳಿದನಾದರೆ, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಈ ಮೌನವೇ ಇಲ್ಲಿ ವಿಚಾರಿಸತಕ್ಕ ವಿಷಯವು. ಆ ಕಥೆಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ೧೯೯೦ರಿಂದ ೨೦೨೩ರ ವರೆಗಿನ ಅವಧಿಯಲ್ಲಿ ಬರೆದವು. ಅವು ಬರೆದದ್ದು ಕನ್ನಡದಲ್ಲಿ. ಅವುಗಳಲ್ಲಿ ಒಂದಾದ ‘ಕರಿ ನಾಗರಗಳು’ ಎಂಬ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ೨೦೦೪ರಲ್ಲಿ ‘ಹಸೀನಾ’ ಎಂಬ ಚಿತ್ರವನ್ನೇ ತೆಗೆದಿದ್ದರು. ಹೀಗೆ ಮೂರು ದಶಕಗಳ ಕಾಲ ಕಥೆಗಳು ಮನೆಯ ಬಾಗಿಲಲ್ಲಿಯೇ ನಿಂತಿದ್ದರೂ ಒಳಗೆ ಕರೆದವರು ಕೆಲವರೇ. ಸಮುದ್ರದಾಚೆಯ ಐವರು ತೀರ್ಪುಗಾರರು ಒಳ್ಳೆಯದೆಂದ ಮೇಲೆ ಅದೇ ಕಥೆಗಳು ಎಲ್ಲರಿಗೂ ಒಳ್ಳೆಯವಾದವು. ಹಾಗಾದರೆ ೨೦೨೫ರ ಮೇ ೧೯ರಂದು ಅವು ಹೇಗಿದ್ದವು? ಒಂದು ರಾತ್ರಿಯಲ್ಲಿ ಕಥೆಯ ಒಂದು ಅಕ್ಷರವಾದರೂ ಬದಲಾಯಿತೇ?

ಇದನ್ನು ಪಾರಿತೋಷಕದ ನಿಂದೆಯೆಂದು ಯಾರೂ ತಿಳಿಯಬಾರದು. ಬಹುಮಾನವನ್ನು ಕೊಟ್ಟವರು ತಮ್ಮ ಕೆಲಸವನ್ನು ಮಾಡಿದರು. ಅವರು ಓದಿದರು, ಚರ್ಚಿಸಿದರು, ನಿರ್ಣಯಿಸಿದರು. ಭಾಷಾಂತರಕಾರರು ತಮ್ಮ ಕೆಲಸವನ್ನು ಅದಕ್ಕಿಂತ ಶ್ರಮಪಟ್ಟು ಮಾಡಿದರು. ತಮ್ಮ ಕೆಲಸವನ್ನು ಮಾಡದೆ ಉಳಿದವನು ಒಬ್ಬನೇ: ಕನ್ನಡದ ವಾಚಕನು. ‘ಮಾಳವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ ಕಾಳಿದಾಸನು ಇಂಥವನನ್ನು ಬಹಳ ಹಿಂದೆಯೇ ಗುರುತಿಸಿದ್ದಾನೆ. ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ, ಹೊಸದೆಂಬ ಮಾತ್ರಕ್ಕೆ ಕಾವ್ಯವು ಹೀನವಲ್ಲ. ಬಲ್ಲವರು ಪರೀಕ್ಷಿಸಿ ಆರಿಸಿಕೊಳ್ಳುವರು, ಮೂಢನ ಬುದ್ಧಿಯಾದರೋ ಪರರ ನಂಬಿಕೆಯು ಎಳೆದತ್ತ ಹೋಗುವದು, ಎಂಬದು ಅಲ್ಲಿಯ ಅಭಿಪ್ರಾಯವು. ಆ ಕಾಲದಲ್ಲಿ ಹಳೆಯ ಕವಿಗಳ ಹೆಸರು ಎಳೆಯುತ್ತಿತ್ತು. ಈಗ ಬಹುಮಾನ, ಬೆನ್ನುಡಿ, ಬಿಡುಗಡೆಯ ಸಮಾರಂಭ ಇವು ಎಳೆಯುತ್ತವೆ. ಹಗ್ಗವು ಬೇರೆಯಾಯಿತು, ಮೂಗುದಾರವು ಅದೇ.

ಈ ಉತ್ತರ ಕನ್ನಡ ಜಿಲ್ಲೆಗೆ ಈ ದೋಷವು ಹೊಸದೇನೂ ಅಲ್ಲ. ಗೋಕರ್ಣದ ಜಯಂತ ಕಾಯ್ಕಿಣಿಯವರು ಮುಂಬಯಿಯ ಸಾಮಾನ್ಯ ಜನರ ಮೇಲೆ ಬರೆದ ಕಥೆಗಳು ಕನ್ನಡದಲ್ಲಿ ಎಷ್ಟೋ ವರ್ಷಗಳಿಂದ ಇದ್ದವು. ತೇಜಸ್ವಿನಿ ನಿರಂಜನ ಅವರ ಭಾಷಾಂತರಕ್ಕೆ ದಕ್ಷಿಣ ಏಷ್ಯದ ೨೦೧೮ರ ಡಿ.ಎಸ್.ಸಿ. ಬಹುಮಾನ ಬಂದ ಮೇಲೆ, ಅವರನ್ನು ಚಿತ್ರಗೀತೆಗಳ ಕರ್ತೃವೆಂದು ಮಾತ್ರ ಬಲ್ಲ ಮನೆಗಳಲ್ಲಿ ‘ಇವರು ಕಥೆಗಳನ್ನೂ ಬರೆದಿದ್ದಾರಂತೆ’ ಎಂಬ ಮಾತು ಹುಟ್ಟಿತು. ಇದೇ ಜಿಲ್ಲೆಯವರಾದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ೨೦೧೩ರಲ್ಲಿ ಕನ್ನಡದಲ್ಲಿ ಪ್ರಕಟವಾಯಿತು; ಶ್ರೀನಾಥ ಪೇರೂರರ ಇಂಗ್ಲಿಷ್ ಭಾಷಾಂತರವು ೨೦೧೫ರಲ್ಲಿ ಹೊರಬಂದು ಪರದೇಶದ ಪತ್ರಿಕೆಗಳು ಹೊಗಳಿದ ತರುವಾಯ, ಮೂಲವು ಎಲ್ಲಿ ಸಿಕ್ಕೀತು ಎಂದು ಹುಡುಕಿದವರು ಅನೇಕರು. ಮೊಮ್ಮಗನು ಪರವೂರಿನಿಂದ ಇಂಗ್ಲಿಷ್ ಪ್ರತಿಯನ್ನು ತಂದುಕೊಟ್ಟ ಮೇಲೆ ಅಜ್ಜನು ಕನ್ನಡದ ಪುಸ್ತಕವನ್ನು ತರಿಸಿಕೊಳ್ಳುವದು ಎಂಥ ಕ್ರಮ?

ಹಾಗಾದರೆ ತನ್ನ ಕಣ್ಣಿನಿಂದ ಓದಿದವನಿಗೆ ಏನು ದೊರೆಯುವದು? ‘ಘಾಚರ್ ಘೋಚರ್’ ಪುಸ್ತಕವನ್ನೇ ತೆಗೆದುಕೊಳ್ಳಬಹುದು. ಪುಟಗಳು ಬಹಳಿಲ್ಲ; ಒಂದು ರಾತ್ರಿಯ ಓದು. ಇರುವೆಗಳ ಕಾಟದ ಚಿಕ್ಕ ಮನೆಯಲ್ಲಿ ಇಕ್ಕಟ್ಟಿನಿಂದ ಬಾಳುತ್ತಿದ್ದ ಬೆಂಗಳೂರಿನ ಕುಟುಂಬವೊಂದು ಚಿಕ್ಕಪ್ಪನ ಮಸಾಲೆಯ ವ್ಯಾಪಾರದಿಂದ ಏಕಾಏಕಿ ಹಣವಂತವಾಗುವದು. ದುಡಿಯುವವನು ಒಬ್ಬನು, ಅವನ ನೆಮ್ಮದಿಗೆ ಕುಂದು ಬಾರದಂತೆ ಕಾಯುವವರು ಉಳಿದವರೆಲ್ಲರು. ಅವನನ್ನು ಹುಡುಕಿಕೊಂಡು, ಅವನಿಗೆ ಪ್ರಿಯವಾದ ಅಡಿಗೆಯನ್ನು ಹಿಡಿದುಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬಂದಾಗ, ಆ ಮನೆಯ ಹೆಂಗಸರೇ ಅವಳನ್ನು ಬೈದು ಅಟ್ಟುವರು. ಅದು ಅನ್ಯಾಯವೆಂದು ಹೇಳುವವಳು ಹೊರಗಿನಿಂದ ಬಂದ ಸೊಸೆಯೊಬ್ಬಳೇ. ಕೊನೆಗೆ ಆ ಸೊಸೆಗೆ ಏನಾಯಿತೆಂಬದನ್ನು ಲೇಖಕರು ಬಿಡಿಸಿ ಹೇಳುವದಿಲ್ಲ. ಓದುವವನ ಎದೆಯಲ್ಲಿ ಒಂದು ಭಯವನ್ನು ಇಟ್ಟು ಸುಮ್ಮನಾಗುವರು.

ಪರದೇಶದ ವಿಮರ್ಶಕರು ಇದರಲ್ಲಿ ಹೊಸ ಭಾರತದ ಹಣದ ದಾಹವನ್ನು ಕಂಡರು. ಅದು ಅವರ ಕಣ್ಣಿಗೆ ಸರಿಯೇ. ಆದರೆ ಘಟ್ಟದ ಮೇಲಿನ ಅವಿಭಕ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವನು ಅಲ್ಲಿ ಕಾಣುವದು ಬೇರೆ. ಅಡಿಕೆಯ ದರವು ಏರಿದ ವರ್ಷ ಒಂದೇ ಪಂಕ್ತಿಯಲ್ಲಿ ಕುಳಿತವರ ಮಾತಿನ ಧಾಟಿಯು ಹೇಗೆ ಬದಲಾಗುವದೆಂಬದು, ಯಜಮಾನನ ತಪ್ಪನ್ನು ಎಲ್ಲರೂ ಬಲ್ಲವರಾಗಿದ್ದು ಯಾರೂ ಆಡದೆ ಇರುವದು ಎಂಥ ಮೌನವೆಂಬದು, ‘ಮನೆಯ ಮಾನ’ವೆಂಬ ಎರಡು ಶಬ್ದಗಳ ಕೆಳಗೆ ಎಷ್ಟು ಸೊಸೆಯಂದಿರ ಮಾತು ಹೂತುಹೋಗಿದೆಯೆಂಬದು ಅವನಿಗೆ ಗೊತ್ತು. ಹೀಗೆ ಓದಿದವನು ಪುಸ್ತಕವನ್ನು ಮುಚ್ಚಿ ‘ಬೆಂಗಳೂರಿನವರು ಹೀಗೆ’ ಎನ್ನಲಾರನು. ಅಡಿಗೆಯ ಮನೆಯ ಕಡೆಗೆ ಒಮ್ಮೆ ನೋಡಿ ತಲೆತಗ್ಗಿಸುವನು. ಈ ತಲೆತಗ್ಗಿಸುವಿಕೆಯನ್ನು ಯಾವ ಬೆನ್ನುಡಿಯೂ ಅವನಿಗೆ ಕೊಡಲಾರದು.

ಬಾನು ಮುಷ್ತಾಕ್ ಅವರ ಕಥೆಗಳ ವಿಷಯದಲ್ಲಿಯೂ ಇದೇ ಮಾತು. ‘ಎದೆಯ ಹಣತೆ’ ಎಂಬ ಕಥೆಯಲ್ಲಿ ಗಂಡನು ಮತ್ತೊಬ್ಬಳ ಕಡೆಗೆ ತಿರುಗಿದನೆಂದು ನೊಂದ ಹೆಂಗಸು ಕೂಸನ್ನೆತ್ತಿಕೊಂಡು ತವರಿಗೆ ಬರುವಳು. ಅಣ್ಣತಮ್ಮಂದಿರು ಮರ್ಯಾದೆಯ ಹೆಸರಿನಲ್ಲಿ ಅವಳನ್ನು ತಿರುಗಿ ಅದೇ ಮನೆಗೆ ಮುಟ್ಟಿಸುವರು. ಸಾಯಲು ಸಿದ್ಧಳಾದ ಅವಳನ್ನು ಕಡೆಗೆ ಹಿಡಿದು ನಿಲ್ಲಿಸುವವಳು ಅವಳ ಮಗಳು. ‘ಇದು ಮುಸಲ್ಮಾನರ ಮನೆಗಳ ಕಥೆ, ಅವರು ಓದಿಕೊಳ್ಳಲಿ’ ಎಂದು ಕೆಲವರು ಪುಸ್ತಕವನ್ನು ಅತ್ತ ಸರಿಸಿದರು, ‘ಅಲ್ಪಸಂಖ್ಯಾತರ ದುಃಖವನ್ನು ತೋರಿಸಿದ ಮಹತ್ಕೃತಿ’ ಎಂದು ಮತ್ತೆ ಕೆಲವರು ಓದದೆಯೇ ಭಾಷಣ ಮಾಡಿದರು. ಇಬ್ಬರೂ ಆ ತವರುಮನೆಯ ಬಾಗಿಲನ್ನು ನೋಡಲಿಲ್ಲ. ಮಗಳು ಬಂದು ಜಗಲಿಯಲ್ಲಿ ಕುಳಿತಾಗ, ‘ಎರಡು ದಿನ ಇದ್ದು ಹೋಗು’ ಎಂದ ತವರು ಯಾವ ಜಾತಿಯಲ್ಲಿಲ್ಲ? ಹವ್ಯಕರ ಮನೆಯಲ್ಲಿಲ್ಲವೇ, ನಾಮಧಾರಿಗಳ ಮನೆಯಲ್ಲಿಲ್ಲವೇ? ಇನ್ನು, ಕೆಲವೆಡೆ ಪಾತ್ರದ ಮಾತಿಗಿಂತ ಲೇಖಕಿಯ ನ್ಯಾಯವಾದದ ದನಿಯೇ ಮೇಲಾಯಿತೆಂದು ಓದಿದವನಿಗೆ ತೋರಿದರೆ, ಅವನು ಅದನ್ನು ಅಂಜದೆ ಹೇಳಲಿ. ಬಹುಮಾನ ಬಂದ ಗ್ರಂಥದಲ್ಲಿ ದೋಷವನ್ನು ಹೇಳುವದು ದ್ರೋಹವಲ್ಲ. ಓದದೆ ಹೊಗಳುವದು ಲೇಖಕಿಗೆ ಮಾಡುವ ಅವಮಾನವು.

ಸುಮಾರು ಸಾವಿರ ವರ್ಷಗಳ ಹಿಂದೆ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಭಾವಕರನ್ನು, ಅಂದರೆ ಕಾವ್ಯವನ್ನು ಸವಿಯುವವರನ್ನು, ನಾಲ್ಕು ವಿಧವಾಗಿ ಎಣಿಸಿದನು. ಯಾವದೂ ರುಚಿಸದವನು ಅರೋಚಕಿ. ಅನ್ನದ ಸಂಗಡ ಹುಲ್ಲನ್ನೂ ನುಂಗುವವನು ಸತೃಣಾಭ್ಯವಹಾರಿ. ಗುಣವು ಕಂಡರೂ ಹೊಟ್ಟೆಕಿಚ್ಚಿನಿಂದ ಮುಚ್ಚಿಡುವವನು ಮತ್ಸರಿ. ಸಾವಿರದಲ್ಲಿ ಒಬ್ಬನಾಗಿ, ತಿರುಳನ್ನು ಅರಸಿ ಹೋಗುವವನು ತತ್ತ್ವಾಭಿನಿವೇಶಿ. ಈ ನಾಲ್ವರೂ ಇಂದಿಗೂ ಇದ್ದಾರೆ. ಕಾರಂತರ ತರುವಾಯ ಕನ್ನಡದಲ್ಲಿ ಕಾದಂಬರಿಯೇ ಇಲ್ಲವೆಂದು ಪಟ್ಟು ಹಿಡಿದು ಕುಳಿತವನು ಅರೋಚಕಿಯೇ. ಬಿಡುಗಡೆಯಾದ ಪುಸ್ತಕವೆಲ್ಲವನ್ನೂ ‘ಕನ್ನಡ ಸಾರಸ್ವತ ಲೋಕಕ್ಕೆ ಅಮೂಲ್ಯ ಕಾಣಿಕೆ’ಯೆಂದು ಕೊಂಡಾಡುವವನು ಹುಲ್ಲು ತಿನ್ನುವವನೇ.

ಮತ್ಸರಿಯಾದರೋ ಈಗ ಒಬ್ಬಂಟಿಗನಾಗಿ ಇರುವದಿಲ್ಲ. ಪಂಗಡ ಕಟ್ಟಿಕೊಂಡು ಇರುವನು. ೨೦೦೭ರಲ್ಲಿ ಎಸ್. ಎಲ್. ಭೈರಪ್ಪನವರ ‘ಆವರಣ’ ಕಾದಂಬರಿ ಹೊರಬಂದಾಗಲೂ, ೨೦೨೨ರಲ್ಲಿ ದೇವನೂರ ಮಹಾದೇವರ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ ಎಂಬ ಕಿರುಹೊತ್ತಗೆ ಹೊರಬಂದಾಗಲೂ ನಡೆದದ್ದು ಒಂದೇ. ಎರಡೂ ಕೈಯಿಂದ ಕೈಗೆ ಹೋದವು, ಎರಡೂ ಮತ್ತೆ ಮತ್ತೆ ಅಚ್ಚಾದವು. ಆದರೆ ಒಂದನ್ನು ಹೊಗಳಿದ ಬಾಯಿ ಮತ್ತೊಂದನ್ನು ತೆಗಳಿತು. ತೆಗಳಿದ ಬಾಯಿ ಹೊಗಳಿತು. ಎರಡನ್ನೂ ಕೊನೆಯ ಪುಟದ ವರೆಗೆ ಓದಿ, ಇಲ್ಲಿ ಈ ಮಾತು ನಿಲ್ಲುವದು, ಅಲ್ಲಿ ಆ ಮಾತು ನಿಲ್ಲದು ಎಂದು ಹೇಳಿದವರು ಅತಿ ವಿರಳ. ಗ್ರಂಥಕರ್ತನ ಹೆಸರನ್ನು ನೋಡಿದೊಡನೆ ತೀರ್ಪು ಸಿದ್ಧವಾಗುವದಾದರೆ ಗ್ರಂಥವನ್ನು ಅಚ್ಚು ಮಾಡುವದೇಕೆ? ಮುಖಪುಟವೊಂದೇ ಸಾಕಲ್ಲವೇ?

ಈ ಮೂವರಿಗಿಂತಲೂ ಶೋಚನೀಯನಾದವನು ಕಾಳಿದಾಸನು ಹೇಳಿದ ಆ ಪರಪ್ರತ್ಯಯದವನು. ಅರೋಚಕಿಗೆ ಕೆಟ್ಟದಾದರೂ ಒಂದು ರುಚಿಯಿದೆ. ಮತ್ಸರಿಗೆ ಗುಣವನ್ನು ಕಾಣುವ ಕಣ್ಣಾದರೂ ಇದೆ. ಪರಪ್ರತ್ಯಯದವನಿಗೆ ನಾಲಗೆಯೂ ಇಲ್ಲ, ಕಣ್ಣೂ ಇಲ್ಲ, ಇರುವದು ಕಿವಿಯೊಂದೇ.

ಆಶ್ಚರ್ಯವೆಂದರೆ, ಇದೇ ಸೀಮೆಯ ಜನರು ಉಳಿದ ವಿಷಯಗಳಲ್ಲಿ ಇಷ್ಟು ಪರಾಧೀನರಲ್ಲ. ಅಡಿಕೆಯ ರಾಶಿಯ ಮುಂದೆ ನಿಂತ ಬೆಳೆಗಾರನು ಚಾಲಿ ಯಾವದು, ಬೆಟ್ಟೆ ಯಾವದು, ಗೋಟು ಯಾವದೆಂಬದನ್ನು ಮತ್ತೊಬ್ಬರಿಂದ ಕೇಳಿ ತಿಳಿಯುವದಿಲ್ಲ. ಕೈಯಲ್ಲಿ ಹಿಡಿದು ತೂಕವನ್ನು ನೋಡುವನು. ಅಡಕತ್ತರಿಯಿಂದ ಒಡೆದು ಒಳಗಿನ ಬಣ್ಣವನ್ನು ನೋಡುವನು. ಶಿರಸಿಯ ಪೇಟೆಯಲ್ಲಿ ದರವು ತಪ್ಪಿತೆಂದು ಕಂಡರೆ ಮಾಲನ್ನು ಕೊಡದೆ ತಿರುಗಿ ಬರುವನು. ತಾಳಮದ್ದಳೆಯ ಸಭೆಯಲ್ಲಿಯೂ ಹಾಗೆಯೇ. ‘ಕೃಷ್ಣಸಂಧಾನ’ದಲ್ಲಿ ಕೌರವನ ಅರ್ಥವು ಹೆಚ್ಚಾಯಿತೋ ಕೃಷ್ಣನದು ಕಡಿಮೆಯಾಯಿತೋ, ‘ವಾಲಿವಧೆ’ಯಲ್ಲಿ ರಾಮನು ಕೊಟ್ಟ ಉತ್ತರವು ಧರ್ಮಶಾಸ್ತ್ರಕ್ಕೆ ಒಪ್ಪಿತೋ ಇಲ್ಲವೋ ಎಂದು ಬೆಳಗಿನ ದೋಸೆಯ ವರೆಗೆ ವಾದವು ನಡೆಯುವದು. ಆ ವಾದದಲ್ಲಿ ಅಕ್ಷರ ಬಾರದ ಮುದುಕನೂ ಶಾಸ್ತ್ರಿಗಳ ಎದುರಿಗೆ ಮಾತನಾಡುವನು. ಕೆರೆಮನೆಯವರ ಕ್ರಮವು ಮೇಲೋ ಚಿಟ್ಟಾಣಿಯವರದು ಮೇಲೋ ಎಂದು ಎರಡು ತಲೆಮಾರು ಜಗಳವಾಡಿದ ಜಿಲ್ಲೆಯಿದು. ಯಾರ ಪ್ರಶಸ್ತಿಪತ್ರವನ್ನೂ ಕೇಳದೆ, ಕಣ್ಣಾರೆ ನೋಡಿ ಜಗಳವಾಡಿದರು. ಹಾಗಿದ್ದು ಅಚ್ಚಾದ ಪುಸ್ತಕವು ಕೈಗೆ ಬಂದೊಡನೆ ಅವರೇ ಏಕೆ ಹೆದರಬೇಕು? ‘ದೊಡ್ಡವರು ಹೇಳಿದ್ದಾರೆ, ಒಳ್ಳೆಯದೇ ಇದ್ದೀತು’ ಎಂದು ಕಪಾಟಿನಲ್ಲಿ ಏಕೆ ಇಡಬೇಕು?

ಸಾಹಿತ್ಯವೇನು ಅಡಿಕೆಯೇ, ಒಡೆದು ನೋಡಲು? ಅದಕ್ಕೆ ಪಾಂಡಿತ್ಯ ಬೇಡವೇ? ಮನೆವಾರ್ತೆಯ ಜನರು ತಮಗೆ ತೋಚಿದ್ದನ್ನು ಹೇಳುವದೇ ವಿಮರ್ಶೆಯಾದರೆ ವಿದ್ವಾಂಸರು ಏನು ಮಾಡಬೇಕು? ಹೀಗೆ ಆಕ್ಷೇಪಿಸುವವರುಂಟು. ಅವರಿಗೆ ಉತ್ತರವು ಕನ್ನಡದಲ್ಲಿಯೇ ಇದೆ. ನಂದಳಿಕೆಯ ಲಕ್ಷ್ಮೀನಾರಣಪ್ಪನವರು, ಅಂದರೆ ಮುದ್ದಣನು (೧೮೭೦-೧೯೦೧), ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆಯನ್ನು ಹೇಳಿದ್ದು ಆಸ್ಥಾನದ ಪಂಡಿತರಿಗಲ್ಲ, ಮಳೆಗಾಲದ ಸಂಜೆ ಮನೆಯೊಳಗೆ ಕುಳಿತ ಹೆಂಡತಿ ಮನೋರಮೆಗೆ. ಅವಳು ಸುಮ್ಮನೆ ತಲೆಯಾಡಿಸುವವಳಲ್ಲ. ಯಾವ ಬಗೆಯ ಕಥೆ ಬೇಕೆಂಬದನ್ನು ಅವಳೇ ಆರಿಸುವಳು, ಸಂಸ್ಕೃತದ ಭಾರ ಹೆಚ್ಚಾದೊಡನೆ ತಡೆಯುವಳು, ತಿಳಿಯದ್ದನ್ನು ತಿಳಿಯಲಿಲ್ಲವೆನ್ನುವಳು, ಚೆನ್ನಾದದ್ದನ್ನು ಚೆನ್ನೆನ್ನುವಳು. ಅವಳ ತಡೆಗಳಿಲ್ಲದೆ ಆ ಗ್ರಂಥಕ್ಕೆ ಅರ್ಧ ಜೀವವೇ ಇಲ್ಲ. ಕವಿಯು ತನ್ನ ಮೊದಲನೆಯ ವಿಮರ್ಶಕಿಯಾಗಿ ಒಬ್ಬ ಗೃಹಿಣಿಯನ್ನು ಕುಳ್ಳಿರಿಸಿದ ಭಾಷೆಯಲ್ಲಿ, ಗೃಹಸ್ಥರಿಗೆ ಅಭಿಪ್ರಾಯದ ಅಧಿಕಾರವಿಲ್ಲವೆಂದು ಹೇಳುವದು ಹೇಗೆ?

ಆದರೆ ಅಧಿಕಾರದ ಸಂಗಡ ಕರ್ತವ್ಯವೂ ಉಂಟು. ಅಭಿನವಗುಪ್ತನ ಮತದಲ್ಲಿ ಕಾವ್ಯದ ಅಭ್ಯಾಸದಿಂದ ಯಾರ ಮನಸ್ಸೆಂಬ ಕನ್ನಡಿಯು ಉಜ್ಜಿ ನಿರ್ಮಲವಾಗಿದೆಯೋ ಅವನು ಸಹೃದಯನು. ಕನ್ನಡಿಯು ಎಲ್ಲರ ಮನೆಯಲ್ಲಿಯೂ ಇದೆ. ಉಜ್ಜುವ ಕೆಲಸವು ಮಾತ್ರ ದಿನದಿನವೂ ನಡೆಯಬೇಕು. ಎರಡು ಪುಟ ಓದಿ ‘ಬೇಸರ’ವೆಂದು ಎಸೆದವನ ಮಾತು ಪ್ರತಿಕ್ರಿಯೆಯಲ್ಲ, ಆಕಳಿಕೆ. ಪೂರ್ತಿ ಓದಿ, ಬೇಸರವು ಎಲ್ಲಿ ಹುಟ್ಟಿತು, ಏಕೆ ಹುಟ್ಟಿತು, ಅದು ಗ್ರಂಥದ ದೋಷವೋ ತನ್ನ ದೋಷವೋ ಎಂದು ಕೇಳಿಕೊಂಡವನ ಮಾತನ್ನು ವಿದ್ವಾಂಸನೂ ಕಿವಿಗೊಟ್ಟು ಕೇಳಬೇಕು.

ಕಥೆ ಕಾದಂಬರಿಗಳಲ್ಲಿ ಪರಪ್ರತ್ಯಯದಿಂದ ಕೆಡುವದು ರುಚಿ ಮಾತ್ರವೆಂದು ಯಾರಾದರೂ ಸಮಾಧಾನ ಪಡಬಹುದು. ಶಾಸ್ತ್ರೀಯ ಗ್ರಂಥಗಳಲ್ಲಿ ಕೆಡುವದು ನೆಲವೇ. ಮಾಧವ ಗಾಡ್ಗೀಳರ ನೇತೃತ್ವದ ತಜ್ಞರ ಸಮಿತಿಯು ಪಶ್ಚಿಮ ಘಟ್ಟಗಳನ್ನು ಕುರಿತ ತನ್ನ ವರದಿಯನ್ನು ೨೦೧೧ರಲ್ಲಿ ಸರಕಾರಕ್ಕೆ ಒಪ್ಪಿಸಿತು. ಮಲೆನಾಡಿನಲ್ಲಿ ಅದನ್ನು ಕುರಿತು ಸಭೆಗಳಾದವು, ಮೆರವಣಿಗೆಗಳಾದವು, ಮನವಿಗಳಾದವು. ತೋಟವನ್ನು ಕಿತ್ತುಕೊಳ್ಳುವರು, ಮನೆಗೆ ಹೆಂಚು ಹೊದಿಸಲು ಬಿಡರು ಎಂದು ಒಬ್ಬರು ಹೇಳಿದ್ದನ್ನು ಹತ್ತು ಜನ ಹೇಳಿದರು. ಇದರಿಂದ ಕಾಡೆಲ್ಲ ಉಳಿದೇ ಬಿಟ್ಟಿತೆಂದು ಪಟ್ಟಣದ ಕೆಲವರು ಅಷ್ಟೇ ಕುರುಡಾಗಿ ಹೊಗಳಿದರು. ನಿರ್ಬಂಧಗಳ ಸಂಗಡಲೇ, ನಿರ್ಣಯವು ಗ್ರಾಮಸಭೆಗಳಿಂದ ಮೇಲಕ್ಕೆ ಹೋಗಬೇಕೆಂಬ ಮಾತೂ ಅದರಲ್ಲಿತ್ತೆಂಬದನ್ನು ವಿರೋಧಿಸಿದವರಲ್ಲಿ ಎಷ್ಟು ಮಂದಿ ಬಲ್ಲರು, ಹೊಗಳಿದವರಲ್ಲಿ ಎಷ್ಟು ಮಂದಿ ಬಲ್ಲರು? ಓದಿ ವಿರೋಧಿಸಿದ್ದರೆ ಆ ವಿರೋಧಕ್ಕೆ ಬೆಲೆಯಿತ್ತು. ೨೦೨೧ರ ಜುಲೈ ತಿಂಗಳ ಮಳೆಯಲ್ಲಿ ಇದೇ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವು ಕುಸಿದು ತೋಟಗಳು ಮಣ್ಣುಪಾಲಾದವು. ಅರಬೈಲು ಘಟ್ಟದ ರಸ್ತೆಯೂ ಕುಸಿಯಿತು. ಆ ಪುಸ್ತಕವನ್ನು ಓದಿದ್ದರೆ ಗುಡ್ಡವು ನಿಲ್ಲುತ್ತಿತ್ತೆಂದು ಯಾರೂ ಹೇಳಲಾರರು. ಆದರೆ ತನ್ನ ಕಾಲಕೆಳಗಿನ ಗುಡ್ಡವನ್ನು ಕುರಿತು ಬರೆದದ್ದನ್ನು ತಾನೇ ಓದದೆ, ಅದರ ಪರವಾಗಿಯೋ ವಿರುದ್ಧವಾಗಿಯೋ ಕೂಗಿದವನಿಗೆ, ಗುಡ್ಡವು ಕುಸಿದ ಮೇಲೆ ಆಡಲು ಮಾತೇ ಉಳಿಯಲಿಲ್ಲ.

ಅದೇ ಗಾಡ್ಗೀಳರ ಆತ್ಮವೃತ್ತಾಂತವು ೨೦೨೩ರಲ್ಲಿ ಇಂಗ್ಲಿಷಿನಲ್ಲಿಯೂ ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿಯೂ ಪ್ರಕಟವಾಯಿತು. ೧೯೭೦ರ ದಶಕದಲ್ಲಿ ಅವರು ಇದೇ ಜಿಲ್ಲೆಯ ಬಿದಿರನ್ನು ಅಭ್ಯಾಸ ಮಾಡಿದರು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಸಾಗುತ್ತಿದ್ದ ಕಾಲವದು. ಹಿಂಡಿಲಿನ ಬುಡದಲ್ಲಿ ಹೆಣೆದುಕೊಂಡ ಮುಳ್ಳನ್ನು ಸವರಿ ತೆಗೆದರೆ ಬಿದಿರು ಚೆನ್ನಾಗಿ ಬೆಳೆಯುವದೆಂಬದು ಬಲ್ಲವರೆನಿಸಿಕೊಂಡವರ ಸಿದ್ಧಾಂತವಾಗಿತ್ತು. ಹಳ್ಳಿಗರ ಮಾತು ಬೇರೆ: ಮುಳ್ಳು ಹೋದರೆ ಎಳೆಯ ಕಳಲೆಯನ್ನು ದನಗಳೂ ಕಾಡುಮೃಗಗಳೂ ತಿಂದುಹಾಕುವವು, ಹಿಂಡಿಲು ಸಾಯುವದು. ಗಾಡ್ಗೀಳರು ಕಾಡಿನಲ್ಲಿ ನಿಂತು ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ಪರಪ್ರತ್ಯಯಕ್ಕೂ ಸ್ವಂತ ಕಣ್ಣಿಗೂ ಇರುವ ಅಂತರಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಇಂಥ ಗ್ರಂಥವನ್ನು ಬೆಂಗಳೂರಿನ ವಾಚಕನು ನಂಬಬಲ್ಲನು ಅಥವಾ ನಂಬದಿರಬಲ್ಲನು, ಪರೀಕ್ಷಿಸಬಲ್ಲವನು ಇಡಗುಂದಿಯವನು. ಸೊಪ್ಪಿನ ಬೆಟ್ಟವು ಅವನ ಹಿತ್ತಲಿನಲ್ಲಿಯೇ ಇದೆ. ಲೇಖಕನು ಎಲ್ಲಿ ಸರಿ, ಎಲ್ಲಿ ಹಳ್ಳಿಗನನ್ನು ಅಗತ್ಯಕ್ಕಿಂತ ಹೆಚ್ಚು ನಂಬಿದ್ದಾನೆ ಎಂಬದನ್ನು ಬೆಟ್ಟಕ್ಕೆ ಹೋಗಿ ನೋಡಿಬರಬಹುದು. ಬೆಟ್ಟವು ತಾತನ ಕಾಲದಲ್ಲಿ ಇದ್ದಂತೆ ಇಲ್ಲದಿದ್ದರೆ, ಸವರಿದವರು ಯಾರೆಂದು ಆ ಪುಸ್ತಕವು ಅವನನ್ನೂ ಕೇಳುವದು. ಪುಸ್ತಕವನ್ನು ಪರೀಕ್ಷಿಸ ಹೊರಟವನು ಪುಸ್ತಕದಿಂದ ಪರೀಕ್ಷಿತನಾಗುವದೇ ಓದಿನ ಪೂರ್ಣಫಲವು.

ಗಳಗನಾಥರು (೧೮೬೯-೧೯೪೨) ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರಿಗೆ ನಡೆದು ಮಾರಿದ ಸಂಗತಿಯನ್ನು ಕನ್ನಡಿಗರೆಲ್ಲರೂ ಅಭಿಮಾನದಿಂದ ಹೇಳುವರು. ಆ ಗಂಟನ್ನು ಜಗಲಿಯ ಮೇಲೆ ಇಳಿಸಿಕೊಂಡು, ಪುಸ್ತಕ ಕೊಂಡು, ಓದಿ, ಮುಂದಿನದು ಯಾವಾಗ ಎಂದು ಕೇಳಿದ ಮನೆಯವರೂ ಇದ್ದರೆಂಬದನ್ನು ಯಾರೂ ನೆನೆಯುವದಿಲ್ಲ. ಲಂಡನ್ನಿನ ತೀರ್ಪನ್ನು ಅವರು ಕಾಯಲಿಲ್ಲ. ಕನ್ನಡ ಕಾದಂಬರಿಯು ನಿಂತದ್ದು ಬರೆದವರ ಹೆಗಲಿನ ಮೇಲೆ ಮಾತ್ರವಲ್ಲ, ಆ ಜಗಲಿಗಳ ಮೇಲೆ. ಈಗ ಅಂಚೆಯವನೇ ಪುಸ್ತಕವನ್ನು ಮನೆಗೆ ತರುವನು. ಹೊರುವ ಶ್ರಮವಿಲ್ಲ, ಹುಡುಕುವ ಶ್ರಮವಿಲ್ಲ. ಉಳಿದದ್ದು ಓದುವ ಶ್ರಮವೊಂದೇ, ಅದನ್ನೂ ಪರರಿಗೆ ವಹಿಸಿಕೊಟ್ಟರೆ ಗತಿಯೇನು?

ಆದುದರಿಂದ ಈ ಜಿಲ್ಲೆಯ ಸುಶಿಕ್ಷಿತ ಮನೆಗಳಲ್ಲಿ ಈ ಮಳೆಗಾಲದಿಂದಲೇ ಒಂದು ನಿಯಮವು ನಡೆದುಬರಲಿ. ತಿಂಗಳಿಗೆ ಒಂದು ಹೊಸ ಪುಸ್ತಕ. ಒಮ್ಮೆ ಕಥೆಯದು, ಒಮ್ಮೆ ಶಾಸ್ತ್ರದ್ದು. ಮುನ್ನುಡಿಯನ್ನೂ ಬೆನ್ನುಡಿಯನ್ನೂ ಕೊನೆಗೆ ಓದತಕ್ಕದ್ದು. ರಾತ್ರಿ ಊಟವಾದ ಮೇಲೆ ಒಬ್ಬರು ಗಟ್ಟಿಯಾಗಿ ಓದಲಿ. ಉಳಿದವರು ತಾಳಮದ್ದಳೆಯ ಸಭೆಯಲ್ಲಿ ಕುಳಿತಂತೆ ಕುಳಿತು ಕೇಳಲಿ, ತಡೆಯಲಿ, ವಾದಿಸಲಿ. ಸೊಸೆಗೆ ಮಾವನ ಎದುರಿಗೆ ಬೇರೆ ಅಭಿಪ್ರಾಯವಿರಲು ಅಡ್ಡಿಯಿಲ್ಲದಿರಲಿ. ಪುಸ್ತಕವು ಮುಗಿದ ಮೇಲೆ, ಹಿಡಿಸಿತೇ ಇಲ್ಲವೇ, ಏಕೆ, ಯಾವ ಪುಟದಲ್ಲಿ ಎಂಬದನ್ನು ಒಂದು ಕಾಗದದಲ್ಲಿ ಬರೆದು ಗ್ರಂಥಕರ್ತರಿಗೂ ಮಾಸಪತ್ರಿಕೆಗೂ ಕಳಿಸಲಿ. ಲೇಖಕರು ಹೊಗಳಿಕೆಯಿಂದ ದಣಿದಿದ್ದಾರೆ. ಓದಿದವನೊಬ್ಬನ ನಿಜವಾದ ಮಾತಿಗೆ ಹಸಿದಿದ್ದಾರೆ. ಆ ಕಾಗದಗಳಲ್ಲಿ ತಪ್ಪುಗಳಿರಬಹುದು, ಅತಿರೇಕಗಳಿರಬಹುದು. ಎರವಲು ತಂದ ಸರಿಗಿಂತ ಸ್ವಂತದ ತಪ್ಪು ತಿದ್ದಲಿಕ್ಕೆ ಸುಲಭ. ಮುಂದೊಮ್ಮೆ ಕನ್ನಡದ ಗ್ರಂಥಕ್ಕೆ ಪರದೇಶದಲ್ಲಿ ಬಹುಮಾನ ಬಂದಾಗ, ‘ಈ ಮನೆಯಲ್ಲಿ ಅದನ್ನು ಮೊದಲೇ ಓದಿಯಾಗಿದೆ’ ಎಂದು ಜಗಲಿಯ ಮೇಲಿಂದ ಯಾರಾದರೊಬ್ಬರು ಹೇಳುವಂತಾಗಲಿ.